ನಾಟಕದ ಒಂದು ದೃಶ್ಯವನ್ನು ಎಣ್ಣೆಬಣ್ಣದಲ್ಲಿ ಸ್ಕೆಚ್ ಮಾಡೋದು ಹೇಗೆ

ಎಣ್ಣೆಬಣ್ಣ ಹಿಡಿದು ಹೆಚ್ಚು ದಿನ ಆಗಿಲ್ಲ, ಆದರೆ ನಾಟಕ ನೋಡುವ ಹುಚ್ಚಿದೆ, ನೋಡಿದ ಯಾವುದೋ ಒಂದು ದೃಶ್ಯ ತಲೆಯಲ್ಲೇ ಕೂತುಬಿಟ್ಟಿದೆ, ಅದನ್ನು ಬಣ್ಣದಲ್ಲಿ ಹಿಡಿಯಬೇಕು ಅನ್ನಿಸುತ್ತಿದೆ. ಅಂಥವರಿಗಾಗಿ ಇದು. ದೊಡ್ಡ ಕ್ಯಾನ್ವಾಸ್ ತರಬೇಡಿ. 20×25 ಸೆಂ.ಮೀ. ಹಲಗೆ ಸಾಕು, ಜಾಸ್ತಿ ಅಂದರೆ 30×40.

ಸ್ಕೆಚ್ ಅನ್ನೋದು ತೀರ್ಮಾನ ಮಾಡುವ ಜಾಗ. ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಎಲ್ಲಿಂದ ಬೀಳುತ್ತಿದೆ, ಕತ್ತಲು ಎಷ್ಟಿದೆ. ಈ ಮೂರು ಗಟ್ಟಿಯಾದರೆ ಕೆಲಸ ಮುಗಿಯಿತು. ಕಣ್ಣು, ಮೂಗು, ಅಂಗಿಯ ಗುಂಡಿ ಇವೆಲ್ಲ ಆಮೇಲಿನ ಮಾತು. ಹೊಸಬರು ಬಹಳಷ್ಟು ಸಲ ಮುಖದಿಂದ ಶುರು ಮಾಡುತ್ತಾರೆ. ಒಂದು ಮುಖ ಚೆನ್ನಾಗಿ ಬಂದುಬಿಟ್ಟರೆ ಇನ್ನೂ ಕಷ್ಟ, ಯಾಕಂದರೆ ಅದನ್ನು ಅಳಿಸೋಕೆ ಮನಸ್ಸು ಬರುವುದಿಲ್ಲ, ಆ ಮುಖವನ್ನು ಉಳಿಸಿಕೊಳ್ಳೋಕೆ ಅಂತ ಉಳಿದ ಇಡೀ ಚಿತ್ರವನ್ನು ಅದರ ಸುತ್ತ ಎಳೆದಾಡುತ್ತಾ ಕೂರಬೇಕಾಗುತ್ತದೆ.

ಮೊದಲು ಇದನ್ನು ಕೇಳಿಕೊಳ್ಳಿ: ನಾಟಕವನ್ನೋ, ಕಥೆಯನ್ನೋ?

ಬ್ರಷ್ ಮುಟ್ಟುವ ಮುಂಚೆ ಇದಕ್ಕೆ ಉತ್ತರ ಬೇಕು. ನೀವು ಬರೆಯುತ್ತಿರುವುದು ರಂಗದ ಮೇಲೆ ನಡೆಯುತ್ತಿರುವ ನಾಟಕವನ್ನಾ, ಅಥವಾ ಆ ನಾಟಕ ಹೇಳುತ್ತಿರುವ ಕಥೆಯನ್ನಾ? ಕೇಳೋಕೆ ಎರಡೂ ಒಂದೇ ಅನ್ನಿಸುತ್ತದೆ. ಚಿತ್ರ ಶುರು ಮಾಡಿದ ಕೂಡಲೇ ಎರಡು ದಾರಿ ಬೇರೆಯಾಗುತ್ತವೆ.

ಇಂಗ್ಲಿಷ್ ಚಿತ್ರಗಾರ ವಿಲಿಯಂ ಹೊಗಾರ್ತ್ ಮೊದಲ ದಾರಿ ಹಿಡಿದವನು. 1728ರ ಜನವರಿಯಲ್ಲಿ ಲಂಡನ್ನಿನಲ್ಲಿ 'ದಿ ಬೆಗ್ಗರ್ಸ್ ಒಪೇರಾ' ರಂಗಕ್ಕೆ ಬಂತು, ಊರಿಗೆ ಊರೇ ಅದರ ಹಿಂದೆ ಬಿತ್ತು. ಹೊಗಾರ್ತ್‌ಗೆ ಆಗ 30 ವರ್ಷ. ಬೆಳ್ಳಿಯ ಮೇಲೆ ಕೆತ್ತುವ ಕೆಲಸ ಕಲಿತು ಬಂದವನು, ಎಣ್ಣೆಬಣ್ಣಕ್ಕೆ ಆಗಷ್ಟೇ ಕೈ ಹಾಕಿದ್ದ. ಸೆರೆಮನೆಯ ಒಂದು ದೃಶ್ಯವನ್ನು ಆರಿಸಿಕೊಂಡ. ನಡುವೆ ಕಾಲಿಗೆ ಬೇಡಿ ತೊಟ್ಟ ಕಳ್ಳ. ಎರಡೂ ಪಕ್ಕ ಅವನನ್ನು ಪ್ರೀತಿಸುವ ಇಬ್ಬರು ಹೆಂಗಸರು, ಅವನ ಜೀವ ಉಳಿಸಿ ಅಂತ ತಮ್ಮ ತಮ್ಮ ಅಪ್ಪಂದಿರ ಮುಂದೆ ಅಂಗಲಾಚುತ್ತಿದ್ದಾರೆ. ಆದರೆ ಅವನು ಸೆರೆಮನೆಯನ್ನಷ್ಟೇ ಬರೆಯಲಿಲ್ಲ. ರಂಗದ ಮೇಲೇ ಎರಡೂ ಬದಿ ಕೂತಿದ್ದ ಶ್ರೀಮಂತ ಪ್ರೇಕ್ಷಕರನ್ನೂ ಸೇರಿಸಿದ. ನೋಡುವವರನ್ನು ನೋಡುವುದೇ ಅಲ್ಲಿ ಅರ್ಧ ಮಜಾ.

ಇದನ್ನು ಅವನು ಒಂದೇ ಏಟಿಗೆ ಮಾಡಲಿಲ್ಲ. ನೀಲಿ ಕಾಗದದ ಮೇಲೆ ಚಾಕ್‌ನಲ್ಲಿ ಗೀಚಿದ ಒಂದು ಸ್ಕೆಚ್ ಉಳಿದಿದೆ. ಎಣ್ಣೆಬಣ್ಣದಲ್ಲಿ ಅದೇ ದೃಶ್ಯವನ್ನು ಮತ್ತೆ ಮತ್ತೆ ಬರೆದ. ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿರುವ 1731ರ ಚಿತ್ರದ ಹೆಸರಿನಲ್ಲೇ ಆರನೆಯದು ಅಂತ ಸಂಖ್ಯೆ ಇದೆ. ಗುಂಪು ಹೆಚ್ಚುಕಡಿಮೆ ಅದೇ, ಆದರೆ ಸುತ್ತಲಿನ ಜಾಗ ಹಿಗ್ಗುತ್ತಾ ಹೋಗುತ್ತದೆ. ಸ್ಕೆಚ್ ಅಂದರೆ ಏನು ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಎರಡನೇ ದಾರಿಯಲ್ಲಿ ರಂಗವೇ ಇರುವುದಿಲ್ಲ. ಫ್ರೆಂಚ್ ಚಿತ್ರಗಾರ ಡೆಲಾಕ್ರ್ವಾ 1825ರಲ್ಲಿ ಲಂಡನ್ನಿಗೆ ಹೋಗಿ ಶೇಕ್ಸ್‌ಪಿಯರ್ ನಾಟಕಗಳನ್ನು ನೋಡಿ ಬಂದ. ಆದರೆ 1839ರಲ್ಲಿ ಹ್ಯಾಮ್ಲೆಟ್‌ನ ಸ್ಮಶಾನದ ದೃಶ್ಯ ಬರೆದಾಗ ಪರದೆ ಇಲ್ಲ, ಹಲಗೆ ನೆಲ ಇಲ್ಲ. ನಿಜವಾದ ಮಣ್ಣು, ನಿಜವಾದ ಆಕಾಶ. ಇಂಗ್ಲಿಷ್ ಚಿತ್ರಗಾರ ಮಿಲೇ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ಚಿತ್ರದಲ್ಲಿ (1851–52) ಅದೇ ಹ್ಯಾಮ್ಲೆಟ್ ನಾಟಕದ ಒಫೀಲಿಯಾ ಹೊಳೆಯಲ್ಲಿ ತೇಲುತ್ತಿದ್ದಾಳೆ. ನಾಟಕದಲ್ಲಿ ಆ ದೃಶ್ಯ ರಂಗದ ಮೇಲೆ ನಡೆಯುವುದೇ ಇಲ್ಲ, ರಾಣಿ ಬಂದು ಬಾಯಿಮಾತಿನಲ್ಲಿ ಹೇಳುತ್ತಾಳೆ, ಅಷ್ಟೇ! ಯಾರೂ ಕಣ್ಣಾರೆ ಕಾಣದ ದೃಶ್ಯವನ್ನು ಮಿಲೇ ಬರೆದ, ಅದಕ್ಕೆ ಬೇಕಾದ ಗಿಡಗಂಟಿಯನ್ನು ಹೊಳೆಯ ದಡದಲ್ಲಿ ಕೂತು ನೋಡಿ ಬರೆದ.

ಹೊಸಬರಿಗೆ ನಾನು ಹೇಳುವುದು ಮೊದಲ ದಾರಿಯನ್ನೇ. ರಂಗದಲ್ಲಿ ಅರ್ಧ ಕೆಲಸವನ್ನು ಬೇರೆಯವರು ಮಾಡಿಟ್ಟಿರುತ್ತಾರೆ. ಬೆಳಕು ಇಟ್ಟಿದ್ದಾರೆ, ನಟರನ್ನು ನಿಲ್ಲಿಸಿದ್ದಾರೆ, ಬೇಡದ್ದನ್ನು ಕತ್ತಲಿಗೆ ತಳ್ಳಿದ್ದಾರೆ. ಎರಡನ್ನೂ ಕಲಸುವುದು ಮಾತ್ರ ಬೇಡ. ರಂಗದ ಸ್ಪಾಟ್‌ಲೈಟ್ ಇದೆ, ಹಿಂದೆ ನಿಜವಾದ ಬೆಟ್ಟ ಇದೆ ಅಂದರೆ ನೋಡುವವರಿಗೆ ತಾವು ಎಲ್ಲಿ ನಿಂತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಯಾವ ಗಳಿಗೆ?

ಜೋರಾಗಿ ಕಿರುಚುವ ಗಳಿಗೆ, ಕತ್ತಿ ಇಳಿಯುವ ಗಳಿಗೆ, ಬಿದ್ದು ಅಳುವ ಗಳಿಗೆ. ಕೈ ಅಲ್ಲಿಗೇ ಓಡುತ್ತದೆ. ತಡೆಯಿರಿ. ಜರ್ಮನ್ ಲೇಖಕ ಲೆಸಿಂಗ್ 1766ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾನೆ: ಚಿತ್ರಗಾರನಿಗೆ ಸಿಗುವುದು ಒಂದೇ ಗಳಿಗೆ, ಅದು ತುತ್ತತುದಿಯದಾದರೆ ನೋಡುವವನ ಕಲ್ಪನೆಗೆ ಮುಂದೆ ಹೋಗಲು ಜಾಗವೇ ಇರುವುದಿಲ್ಲ. ಅದಕ್ಕೇ ತುಸು ಹಿಂದಕ್ಕೆ ಬನ್ನಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಇದನ್ನೇ ಹಿಡಿದುಕೊಂಡು ಹೋಗಬಹುದು. ಒಂದು ಮನೆ, ರಾತ್ರಿ, ಒಂದು ಮೇಜು, ಮೇಲೆ ಒಂದು ದೀಪ. ಅಣ್ಣ ಮೇಜಿನ ಹತ್ತಿರ ನಿಂತು ಪತ್ರ ಓದಿ ಮುಗಿಸಿದ್ದಾನೆ. ತಮ್ಮ ಬಾಗಿಲಲ್ಲಿ. ಪತ್ರದಲ್ಲಿ ತಮ್ಮನ ಗುಟ್ಟಿದೆ. ಮುಂದಿನ ಐದು ನಿಮಿಷ ಇಬ್ಬರೂ ಕಿತ್ತಾಡುತ್ತಾರೆ, ಕುರ್ಚಿ ಉರುಳುತ್ತದೆ, ಒಬ್ಬ ಇನ್ನೊಬ್ಬನ ಕುತ್ತಿಗೆ ಹಿಡಿಯುತ್ತಾನೆ. ನೀವು ಬರೆಯಬೇಕಾದದ್ದು ಕುತ್ತಿಗೆ ಹಿಡಿದದ್ದನ್ನಲ್ಲ. ಅಣ್ಣ ಪತ್ರವನ್ನು ಕೆಳಗಿಳಿಸಿದ್ದಾನೆ, ಇನ್ನೂ ತಲೆ ಎತ್ತಿಲ್ಲ. ತಮ್ಮ ಬಾಗಿಲು ದಾಟಿದ್ದಾನೆ, ಪತ್ರ ಕಂಡಿದೆ, ನಿಂತುಬಿಟ್ಟಿದ್ದಾನೆ. ಇದು ಸಾಕು.

ಗಳಿಗೆ ಸರಿಯಾಗಿದೆಯಾ ಅಂತ ನೋಡೋಕೆ ಒಂದು ಸುಲಭ ದಾರಿ ಇದೆ. ಮಾತು ತೆಗೆದುಹಾಕಿ ಯೋಚಿಸಿ. ಕಿವಿ ಮುಚ್ಚಿಕೊಂಡು ನೋಡಿದರೂ ಇಬ್ಬರ ನಡುವೆ ಏನೋ ಆಗಿದೆ ಅಂತ ಗೊತ್ತಾಗಬೇಕು. ಬರೀ ಒಳ್ಳೆ ಡೈಲಾಗ್‌ನಿಂದ ನಿಂತ ದೃಶ್ಯ ಚಿತ್ರಕ್ಕೆ ಬರುವುದಿಲ್ಲ. ನಾಟಕ ಎಷ್ಟೇ ದೊಡ್ಡದಿರಲಿ.

ನೋಡುವಾಗ ಏನು ಗೀಚಬೇಕು

ಸಾಧ್ಯವಾದರೆ ತಾಲೀಮಿಗೆ ಹೋಗಿ. ತಂಡದವರನ್ನು ಮೊದಲೇ ಕೇಳಿಕೊಳ್ಳಿ. ಒಂದೇ ದೃಶ್ಯವನ್ನು ಅವರು ಮತ್ತೆ ಮತ್ತೆ ಮಾಡುತ್ತಾರೆ, ನಿಮಗೆ ಅದೇ ಬೇಕಾಗಿರುವುದು. ಬೆಳಕಿನ ಸಮೇತ ನಡೆಯುವ ಕೊನೆಯ ತಾಲೀಮು ಸಿಕ್ಕರೆ ಬಿಡಬೇಡಿ.

ಕತ್ತಲಲ್ಲಿ ಕೂತು ಗೀಚುವಾಗ ಮೆತ್ತನೆಯ ದಪ್ಪ ಪೆನ್ಸಿಲ್ ಇರಲಿ, ರಬ್ಬರ್ ಮನೆಯಲ್ಲೇ ಇರಲಿ. ಕಾಗದ ನೋಡುವ ಗೋಜಿಗೆ ಹೋಗಬೇಡಿ, ರಂಗವನ್ನೇ ನೋಡುತ್ತಾ ಕೈ ಓಡಿಸಿ. ಗೆರೆ ಒಂದರ ಮೇಲೊಂದು ಬಿದ್ದರೆ ಬೀಳಲಿ. ಮೈಯ ವಾಲು ಸಿಕ್ಕರೆ ಸಾಕು: ತಲೆ ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಭುಜ ಎತ್ತಿಕೊಂಡಿದ್ದಾನಾ ಇಳಿಬಿಟ್ಟಿದ್ದಾನಾ. ಪಕ್ಕದಲ್ಲಿ ಎರಡು ಮಾತು ಬರೆದುಕೊಳ್ಳಿ. 'ಬೆಳಕು ಎಡದಿಂದ, ಮೇಜಿನ ದೀಪ ಹಳದಿ, ಬಾಗಿಲು ತಣ್ಣನೆ ನೀಲಿ, ತಮ್ಮನ ಮುಖ ಅರ್ಧ ಇಲ್ಲ.' ಮನೆಗೆ ಬಂದ ಮೇಲೆ ಗೆರೆಗಳಿಗಿಂತ ಈ ಮಾತುಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ಫೋಟೊ? ತಂಡದವರು ಒಪ್ಪಿದರೆ ತೆಗೆಯಿರಿ, ಆದರೆ ನಂಬಬೇಡಿ. ರಂಗದ ಬೆಳಕಿನಲ್ಲಿ ಫೋನ್ ಕ್ಯಾಮೆರಾ ಮುಖಗಳನ್ನು ಸುಣ್ಣದ ಹಾಗೆ ಬಿಳಿ ಮಾಡುತ್ತದೆ, ನೆರಳನ್ನು ಕಪ್ಪು ಗುಂಡಿ ಮಾಡುತ್ತದೆ. ಆ ಕತ್ತಲಲ್ಲಿ ನಿಮ್ಮ ಕಣ್ಣಿಗೆ ಕಂಡ ಕಂದು, ಹಸಿರು, ಕೆಂಪುಗಳು ಫೋಟೊದಲ್ಲಿ ಇರುವುದಿಲ್ಲ. ಯಾವ ಕೈ ಮುಂದಿತ್ತು, ಕುರ್ಚಿ ಯಾವ ಬದಿ ಇತ್ತು, ಇಂಥದ್ದಕ್ಕೆ ಫೋಟೊ ಸರಿ.

ಬೆಳಕಿನ ಬಗ್ಗೆ ಇನ್ನೊಂದು ಮಾತು, ಹಳೆಯ ಕಾಲದ ದೃಶ್ಯ ಬರೆಯುವವರಿಗೆ ಇದು ಬೇಕೇ ಬೇಕು. ಮೊದಲೆಲ್ಲ ರಂಗದ ಮುಂಭಾಗದ ಅಂಚಿನಲ್ಲಿ ಮೇಣದ ಬತ್ತಿ, ಎಣ್ಣೆ ದೀಪ ಸಾಲಾಗಿ ಇಡುತ್ತಿದ್ದರು. ಬೆಳಕು ಕೆಳಗಿನಿಂದ ಬರುತ್ತಿತ್ತು. ಗದ್ದದ ಕೆಳಭಾಗ ಹೊಳೆಯುತ್ತದೆ, ಮೂಗಿನ ನೆರಳು ಮೇಲಕ್ಕೆ ಹೋಗುತ್ತದೆ, ಹಣೆ ಕತ್ತಲಾಗುತ್ತದೆ. 1817ರಲ್ಲಿ ಲಂಡನ್ನಿನ ರಂಗಮಂದಿರಗಳಿಗೆ ಗ್ಯಾಸ್ ದೀಪ ಬಂತು. 1837ರಲ್ಲಿ ಅಲ್ಲಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಸುಣ್ಣದ ತುಂಡನ್ನು ಬೆಂಕಿಯಲ್ಲಿ ಕಾಯಿಸಿ ಹುಟ್ಟಿಸುವ ಲೈಮ್‌ಲೈಟ್ ಬಂದಾಗ ಒಬ್ಬನೇ ನಟನ ಮೇಲೆ ಬೆಳಕು ಚೆಲ್ಲೋಕೆ ಸಾಧ್ಯವಾಯಿತು. 1881ರಲ್ಲಿ ಅದೇ ಊರಿನ ಸವಾಯ್ ರಂಗಮಂದಿರ ಪೂರ್ತಿ ವಿದ್ಯುತ್ ದೀಪಕ್ಕೆ ಹೋಯಿತು. ಹಾಗಾಗಿ 1750ರ ರಂಗವನ್ನು ಬರೆಯುವಾಗ ಮೇಲಿನಿಂದ ಚೂಪಾದ ಸ್ಪಾಟ್‌ಲೈಟ್ ಬೀಳಿಸಿದರೆ ಗೊತ್ತಿದ್ದವರು ನಗುತ್ತಾರೆ.

ಬೆಂಕಿಪೊಟ್ಟಣದಷ್ಟು ಗಾತ್ರದಲ್ಲಿ

ಬಣ್ಣಕ್ಕೆ ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳನ್ನು ಹಾಕಿಕೊಳ್ಳಿ, ಆರೋ ಏಳೋ. ಪ್ರತಿಯೊಂದರಲ್ಲೂ ಅದೇ ಅಣ್ಣ ತಮ್ಮ, ಮೂರೇ ಟೋನ್: ಬಿಳಿ, ಬೂದು, ಕಪ್ಪು. ಒಂದರಲ್ಲಿ ಅಣ್ಣ ಮುಂದೆ ದೊಡ್ಡದಾಗಿ, ಬೆನ್ನು ನಮ್ಮ ಕಡೆ. ಇನ್ನೊಂದರಲ್ಲಿ ಇಬ್ಬರೂ ದೂರ, ನಡುವೆ ಖಾಲಿ ನೆಲ. ಮತ್ತೊಂದರಲ್ಲಿ ತಮ್ಮ ಬರೀ ಬಾಗಿಲ ಬೆಳಕಿನ ಮುಂದೆ ಒಂದು ಕಪ್ಪು ಆಕಾರ.

ಈ ಕೆಲಸವನ್ನು ಸುಮ್ನೆ ಹಾರಿಸಿಬಿಡುವವರೇ ಜಾಸ್ತಿ. ನನ್ನ ಲೆಕ್ಕದಲ್ಲಿ ಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲೇ. ಚೌಕಗಳನ್ನು ಗೋಡೆಗೆ ಅಂಟಿಸಿ ಕೋಣೆಯ ಆ ತುದಿಗೆ ಹೋಗಿ ನೋಡಿ. ಯಾವುದು ಅಲ್ಲಿಂದಲೂ 'ಏನೋ ಆಗಿದೆ' ಅನ್ನುತ್ತದೋ ಅದನ್ನು ಆರಿಸಿ. ಇಬ್ಬರ ನಡುವಿನ ಖಾಲಿ ಜಾಗದ ಆಕಾರವನ್ನೂ ನೋಡಿ, ನಾಟಕದ ಚಿತ್ರದಲ್ಲಿ ಅದು ಮೂರನೇ ಪಾತ್ರ. ಅಣ್ಣ ತಮ್ಮಂದಿರನ್ನು ಹತ್ತಿರ ತಂದರೆ ಜಗಳ, ದೂರ ಇಟ್ಟರೆ ಭಯ.

ಸಾಮಾನು

ಎಂಡಿಎಫ್ ಹಲಗೆ ಅಥವಾ ದಪ್ಪ ರಟ್ಟು, ಅದಕ್ಕೆ ಎರಡು ಕೋಟ್ ಜೆಸ್ಸೋ, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ತಳಪದರ. ಬರೀ ಕಾಗದದ ಮೇಲೆ ನೇರವಾಗಿ ಹಚ್ಚಿದರೆ ಕಾಗದ ಎಣ್ಣೆ ಹೀರಿಕೊಂಡು ಬಣ್ಣ ಮಂಕಾಗುತ್ತದೆ, ಕಾಲ ಕಳೆದಂತೆ ಕಾಗದವೂ ಪುಡಿಯಾಗುತ್ತದೆ. ಬ್ರಷ್ ಮೂರು ಸಾಕು, ಹಂದಿ ಕೂದಲಿನ ಚಪ್ಪಟೆ ಬ್ರಷ್‌ಗಳು, ಎಷ್ಟು ಅಗಲ ಅನ್ನಿಸುತ್ತದೋ ಅದಕ್ಕಿಂತ ಒಂದು ಸೈಜ್ ದೊಡ್ಡವು. ಸಣ್ಣ ಬ್ರಷ್ ಕೈಗೆ ಸಿಗದ ಹಾಗೆ ಎತ್ತಿಡಿ. ಹಳೆಯ ಹತ್ತಿ ಬಟ್ಟೆ ಧಾರಾಳವಾಗಿ ಇರಲಿ, ಅದೂ ಒಂದು ಬ್ರಷ್ಷೇ.

ಬಣ್ಣ: ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ನೀಲಿ. ಬೇಕಿದ್ದರೆ ಒಂದು ಕೆಂಪು. ಕಪ್ಪು ಟ್ಯೂಬ್ ತರಬೇಡಿ. ಅಂಬರ್‌ಗೆ ಅಲ್ಟ್ರಾಮರೀನ್ ಬೆರೆಸಿದರೆ ಬೇಕಾದಷ್ಟು ಕಪ್ಪು ಬರುತ್ತದೆ, ನೀಲಿ ಹೆಚ್ಚು ಮಾಡಿದರೆ ತಣ್ಣಗೆ, ಅಂಬರ್ ಹೆಚ್ಚು ಮಾಡಿದರೆ ಬೆಚ್ಚಗೆ. ರಂಗದ ಕತ್ತಲು ಒಂದೇ ಥರ ಇರುವುದಿಲ್ಲವಲ್ಲ. ತೆಳು ಮಾಡೋಕೆ ಟರ್ಪೆಂಟೈನ್ ಅಥವಾ ವಾಸನೆ ಕಡಿಮೆ ಇರುವ ಥಿನ್ನರ್. ಕಿಟಕಿ ತೆಗೆದಿಡಿ.

ಕತ್ತಲಿಂದ ಬೆಳಕು ಒರೆಸಿ ತೆಗೆಯುವುದು

ನಾಟಕದ ದೃಶ್ಯಕ್ಕೆ ಹೇಳಿ ಮಾಡಿಸಿದ ವಿಧಾನ ಇದು. ಬಿಳಿ ಹಲಗೆಯ ಮೇಲೆ ಕತ್ತಲನ್ನು ಸೇರಿಸುತ್ತಾ ಹೋಗುವ ಬದಲು, ಮೊದಲೇ ಪೂರ್ತಿ ಕತ್ತಲು ಮಾಡಿಕೊಂಡು ಬೆಳಕನ್ನು ಹೊರಗೆ ತೆಗೆಯುವುದು. ರಂಗದಲ್ಲೂ ಹಾಗೇ ಅಲ್ವಾ, ಮೊದಲು ಎಲ್ಲ ದೀಪ ಆರಿಸುತ್ತಾರೆ, ಆಮೇಲೆ ಒಂದೊಂದೇ ಹಚ್ಚುತ್ತಾರೆ.

ಬರ್ನ್ಟ್ ಅಂಬರ್‌ಗೆ ಸ್ವಲ್ಪ ಥಿನ್ನರ್ ಬೆರೆಸಿ ಇಡೀ ಹಲಗೆಗೆ ಹಚ್ಚಿ. ಸುರಿದು ಹರಿಯುವಷ್ಟು ನೀರಾಗಬಾರದು, ಮೆತ್ತಿಕೊಳ್ಳುವಷ್ಟು ಗಟ್ಟಿಯೂ ಆಗಬಾರದು. ಬಟ್ಟೆಯಿಂದ ಒಮ್ಮೆ ಸಮನಾಗಿ ತಟ್ಟಿ. ಈಗ ಹಲಗೆ ಪೂರ್ತಿ ಕಂದು. ಒಣ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ದೀಪ ಇರುವ ಜಾಗವನ್ನು ಒರೆಸಿ. ಅಲ್ಲಿಂದ ಮೇಜಿನ ಮೇಲ್ಮೈ ಒಂದೇ ಎಳೆತದಲ್ಲಿ. ಆಮೇಲೆ ಅಣ್ಣನ ಮುಖದ ದೀಪದ ಕಡೆಯ ಭಾಗ, ಎದೆಯ ಒಂದು ಪಟ್ಟಿ, ಪತ್ರ.

ಪತ್ರ ಹಿಡಿದ ಕೈಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆರಳುಗಳನ್ನು ಎಣಿಸಿ ಬರೆಯೋಕೆ ಹೋದರೆ ಕೆಟ್ಟಿತು. ಪತ್ರದ ಬಿಳಿ ಚೌಕವನ್ನು ಮೊದಲು ಒರೆಸಿ ತೆಗೆಯಿರಿ, ಸ್ವಲ್ಪ ಓರೆಯಾಗಿ, ಕೆಳಮುಖವಾಗಿ. ಹೆಬ್ಬೆರಳು ಆ ಬಿಳಿಯ ಮೇಲೆ ಒಂದು ಕಂದು ಗುರುತು, ಬ್ರಷ್‌ನ ಮೂಲೆಯಿಂದ ಒಂದೇ ಒತ್ತು. ಉಳಿದ ನಾಲ್ಕು ಬೆರಳು ಪತ್ರದ ಹಿಂದಿವೆ, ಕಾಣುವುದಿಲ್ಲ, ಬರೆಯಬೇಡಿ. ಮಣಿಕಟ್ಟಿನ ಮೇಲ್ಭಾಗಕ್ಕೆ ದೀಪದ ಬೆಳಕು ತಾಕುವ ಕಡೆ ಬಟ್ಟೆಯ ಅಂಚಿನಿಂದ ಒಂದು ಸಣ್ಣ ಒರೆತ. ದೂರ ನಿಂತು ನೋಡಿ. ಕೈ ಇದೆ, ಹಿಡಿತವಿದೆ. ಪತ್ರವನ್ನು ಇನ್ನೂ ಸ್ವಲ್ಪ ಕೆಳಗೆ ವಾಲಿಸಿದರೆ ಹಿಡಿತ ಸಡಿಲವಾಗುತ್ತದೆ, ಅಣ್ಣ ಸೋತವನಂತೆ ಕಾಣುತ್ತಾನೆ. ನೆಟ್ಟಗೆ ಮಾಡಿದರೆ ಕೋಪ. ಬಟ್ಟೆಯ ತುದಿಯಲ್ಲಿ ಇಷ್ಟು ಅಭಿನಯ ಇದೆ.

ತಮ್ಮನನ್ನು ಒರೆಸಬೇಡಿ. ಅವನ ಸುತ್ತಲಿನ ಬಾಗಿಲನ್ನು ಒರೆಸಿ. ಅವನು ತಾನಾಗಿಯೇ ಉಳಿಯುತ್ತಾನೆ.

ಈ ಹಂತದಲ್ಲಿ ಏನನ್ನು ಬೇಕಾದರೂ ಬದಲಿಸಬಹುದು. ಅಣ್ಣ ಎಡಕ್ಕೆ ಹೋಗಬೇಕಾ? ಹಳೆಯ ಜಾಗಕ್ಕೆ ಮತ್ತೆ ಕಂದು ಹಚ್ಚಿ, ಹೊಸ ಜಾಗದಲ್ಲಿ ಒರೆಸಿ. ಕಣ್ಣು ಕಿರಿದು ಮಾಡಿ ನೋಡಿ, ಕನ್ನಡಿಯಲ್ಲಿ ತಿರುವುಮುರುವು ನೋಡಿ. ವಾಲಿರುವುದು, ಒಂದೇ ಕಡೆ ಭಾರವಾಗಿರುವುದು ಕನ್ನಡಿಯಲ್ಲಿ ತಕ್ಷಣ ಕಾಣುತ್ತದೆ.

ಬಣ್ಣ ಹಾಕುವಾಗ

ಕಂದು ಹಸಿ ಇರುವಾಗಲೇ ಮುಂದುವರಿಯಬಹುದು, ಆಗ ಬಣ್ಣಗಳು ಅಂಚಿನಲ್ಲಿ ಬೆರೆತು ಮೆತ್ತಗಾಗುತ್ತವೆ. ಆದರೆ ಮೇಲಿನ ಬಣ್ಣಕ್ಕೆ ಕಂದು ಹತ್ತಿ ಕೊಳೆಯಾಗುವ ಅಪಾಯವೂ ಇದೆ. ಬ್ರಷ್ ತುಂಬಾ ಬಣ್ಣ ತಗೊಂಡು ಒಂದು ಸಲ ಇಟ್ಟು ಬಿಟ್ಟುಬಿಡಿ, ಉಜ್ಜಬೇಡಿ. ಭಯವಾದರೆ ಒಂದೆರಡು ದಿನ ಒಣಗಲು ಬಿಡಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಮೊದಲ ಪದರಕ್ಕೆ ಅದನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಒಣಗಿದ ಮೇಲೆ ಹಾಕುವ ಪದರದಲ್ಲಿ ಥಿನ್ನರ್ ಕಡಿಮೆ, ಎಣ್ಣೆ ಜಾಸ್ತಿ ಇರಬೇಕು. ತಿರುಗಾಮುರುಗ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ.

ಕತ್ತಲನ್ನು ತೆಳುವಾಗಿಯೇ ಇಡಿ, ಬೆಳಕನ್ನು ದಪ್ಪವಾಗಿ. ದೀಪದ ಹತ್ತಿರದ ಕೆನ್ನೆಗೆ ಓಕರ್, ಬಿಳಿ, ಒಂದು ಚೂರು ಸಿಯೆನ್ನಾ. ಅದೇ ಕೆನ್ನೆ ತಿರುಗಿ ನೆರಳಿಗೆ ಹೋಗುವಲ್ಲಿ ಬಿಳಿ ಬೇಡ, ಸಿಯೆನ್ನಾ ಮತ್ತು ಸ್ವಲ್ಪ ನೀಲಿ. ಬಾಗಿಲ ಕಡೆ ನೀಲಿಗೆ ಬಿಳಿ, ಆದರೆ ದೀಪಕ್ಕಿಂತ ಎರಡು ಮೆಟ್ಟಿಲು ಮಂಕಾಗಿ. ಎರಡೂ ಬೆಳಕು ಒಂದೇ ಜೋರಿನಲ್ಲಿ ಇದ್ದರೆ ಕಣ್ಣು ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಅತ್ತಿತ್ತ ಓಡಾಡುತ್ತದೆ.

ರಂಗದ ಬಣ್ಣದ ದೀಪಗಳು ಮೋಸ ಮಾಡುತ್ತವೆ. ನೀಲಿ ಬೆಳಕಿನ ಕೆಳಗೆ ಕೆಂಪು ಬಟ್ಟೆ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಬಿಳಿ ಅಂಗಿ ಬೀಳುವ ಬೆಳಕಿನ ಬಣ್ಣವನ್ನೇ ಪೂರ್ತಿ ತೊಟ್ಟುಕೊಳ್ಳುತ್ತದೆ. 'ಅಂಗಿ ಬಿಳಿ ಅಲ್ವಾ' ಅಂತ ಟ್ಯೂಬ್‌ನಿಂದ ನೇರ ಬಿಳಿ ಹಚ್ಚಿದರೆ ಆ ಅಂಗಿ ಚಿತ್ರದಿಂದ ಎದ್ದು ಹೊರಗೆ ಬರುತ್ತದೆ. ನಿಮಗೆ ಗೊತ್ತಿರುವ ಬಣ್ಣವನ್ನು ಮರೆತು, ಗೀಚುವಾಗ ಬರೆದಿಟ್ಟುಕೊಂಡ ಬಣ್ಣವನ್ನು ನಂಬಿ. ಪಕ್ಕಾ ಬಿಳಿಯನ್ನು ಒಂದೇ ಒಂದು ಕಡೆ ಬಳಸಿ. ನಮ್ಮ ದೃಶ್ಯದಲ್ಲಿ ಅದು ಪತ್ರ. ದೀಪ ಕೂಡ ಅದಕ್ಕಿಂತ ಹಳದಿಯಾಗಿರಲಿ.

ಮುಖಗಳಿಗೆ ಎರಡು ಮೂರು ಪಟ್ಟಿಗಿಂತ ಹೆಚ್ಚು ಬೇಡ. ಹುಬ್ಬಿನ ಕೆಳಗಿನ ಕತ್ತಲು, ಮೂಗಿನ ಪಕ್ಕದ ಬೆಳಕು, ಗದ್ದ. ಕೈ ಕಣ್ಣಿನ ಗುಡ್ಡೆ ಬರೆಯೋಕೆ ಹೋಯಿತು ಅಂದರೆ ನಿಲ್ಲಿಸುವ ಹೊತ್ತು ಬಂದಿದೆ. ಒಂದೂವರೆ ಎರಡು ಗಂಟೆಗಿಂತ ಜಾಸ್ತಿ ಕೂತರೆ ಸ್ಕೆಚ್ ಹೋಗಿ ಅರೆಬೆಂದ ಚಿತ್ರವಾಗುತ್ತದೆ.

ಮುಗಿದ ಮೇಲೆ

ಮೊದಲು ಬಟ್ಟೆಗಳ ವಿಷಯ, ಇದನ್ನು ಓದದೆ ಬಿಡಬೇಡಿ. ಲಿನ್‌ಸೀಡ್ ಎಣ್ಣೆ ಅಂಟಿದ ಬಟ್ಟೆ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಒಂದೊಂದನ್ನೇ ಬಿಡಿಸಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ. ಥಿನ್ನರನ್ನು ಸಿಂಕಿಗೆ ಸುರಿಯಬೇಡಿ. ಗಸಿ ಕೆಳಗಿಳಿಯಲು ಬಿಟ್ಟರೆ ಮೇಲಿನದನ್ನು ಮತ್ತೆ ಬಳಸಬಹುದು.

ಹಲಗೆಯ ಹಿಂದೆ ತಾರೀಖು, ನಾಟಕ, ಯಾವ ದೃಶ್ಯ, ಬೆಳಕು ಯಾವ ಕಡೆಯಿಂದ ಅಂತ ಬರೆದಿಡಿ. ಧೂಳು ಬೀಳದ ಕಡೆ ಗೋಡೆಗೆ ಒರಗಿಸಿ, ಪೂರ್ತಿ ಕತ್ತಲಲ್ಲಿ ಬೇಡ, ಎಣ್ಣೆಬಣ್ಣ ಕತ್ತಲಲ್ಲಿ ಹಳದಿಯಾಗುತ್ತದೆ. ವಾರ್ನಿಷ್ ಹಚ್ಚುವುದಿದ್ದರೆ ಆರು ತಿಂಗಳು ಕಾಯಿರಿ. ಸ್ಕೆಚ್‌ಗೆ ಅದರ ಅಗತ್ಯವೂ ಇಲ್ಲ.

ದೊಡ್ಡದು ಮಾಡಬೇಕು ಅನ್ನಿಸಿದರೆ, ಸ್ಕೆಚ್‌ನ ಮೇಲೆ ಪಾರದರ್ಶಕ ಹಾಳೆ ಇಟ್ಟು ಅದರಲ್ಲಿ ಚೌಕಗಳ ಜಾಲ ಎಳೆಯಿರಿ, ಕ್ಯಾನ್ವಾಸ್ ಮೇಲೂ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಹಾಕಿ ಒಂದೊಂದನ್ನೇ ಸಾಗಿಸಿ. ಕ್ಯಾನ್ವಾಸ್‌ನ ಉದ್ದ ಅಗಲದ ಅನುಪಾತ ಸ್ಕೆಚ್‌ನದ್ದೇ ಇರಬೇಕು, ಇಲ್ಲದಿದ್ದರೆ ಇಬ್ಬರ ನಡುವಿನ ಜಾಗ ಹಿಗ್ಗಿಯೋ ಕುಗ್ಗಿಯೋ ಕಷ್ಟಪಟ್ಟು ಹುಡುಕಿದ್ದೆಲ್ಲ ಹಾಳಾಗುತ್ತದೆ. ಬ್ರಷ್‌ಗಳನ್ನೂ ಅದೇ ಲೆಕ್ಕದಲ್ಲಿ ದೊಡ್ಡದು ಮಾಡಿ. ಸ್ಕೆಚ್‌ನಲ್ಲಿ ಒಂದೇ ಒತ್ತಿನಲ್ಲಿ ಬಂದ ಆ ಹೆಬ್ಬೆರಳು ಕ್ಯಾನ್ವಾಸ್ ಮೇಲೂ ಒಂದೇ ಒತ್ತಿನಲ್ಲಿ ಬರಬೇಕು, ಅದಕ್ಕೆ ಮೂರು ಪಟ್ಟು ಅಗಲದ ಬ್ರಷ್ ಬೇಕಾದರೆ ಅದನ್ನೇ ತಗೊಳ್ಳಿ.